ಸಹನೆ ಬಾಡಿಗೆಗೆ ಇದೆ

ಗೇಟಿಗೆ ತಂತಿಯಲ್ಲಿ ಕಟ್ಟಿದ ಆ ಬೋರ್ಡು ನಿಮಗೂ ಗೊತ್ತು. ‘ಮನೆ ಬಾಡಿಗೆಗೆ ಇದೆ. ಸಸ್ಯಾಹಾರಿಗಳಿಗೆ ಮಾತ್ರ.’ ಗೆಳೆಯನೊಬ್ಬನಿಗೆ ಬೆಂಗಳೂರಿನಲ್ಲಿ ಮನೆ ಹುಡುಕಲು ಹೋಗಿ ಒಂದು ತಿಂಗಳ ಭಾನುವಾರಗಳನ್ನೆಲ್ಲ ಈ ಸಾಹಿತ್ಯ ಓದುವುದರಲ್ಲೇ ಕಳೆದೆ. ಏಳನೇ ಮನೆಯ ಬೋರ್ಡಿನಲ್ಲಿ ಎರಡನೇ ಸಾಲು ಇರಲಿಲ್ಲ. ಖುಷಿಯಿಂದ ಗೇಟು ತಟ್ಟಿದೆವು.

ಓನರು ರಿಟೈರ್ ಆದವರು. ಪಂಚೆ, ಬನಿಯನ್ನು, ಕೈಯಲ್ಲಿ ಪೇಪರು. ‘ಬನ್ನಿ ಬನ್ನಿ. ನಮ್ಮಲ್ಲಿ ಭೇದಭಾವ ಏನಿಲ್ಲ ಸಾರ್, ಎಲ್ಲರನ್ನೂ ಸಹಿಸ್ಕೋತೀವಿ’ ಎಂದರು. ನಲ್ಲಿ ತಿರುಗಿಸಿ ಕಾವೇರಿ ನೀರು ತೋರಿಸಿದರು. ಅಡುಗೆಮನೆಯ ಕಟ್ಟೆ ತಟ್ಟಿ ‘ಗ್ರಾನೈಟು’ ಎಂದರು. ಆಮೇಲೆ ಮೆಲ್ಲಗೆ, ‘ತಾವು ಯಾವ ಕಡೆಯವರು?’

‘ದಾವಣಗೆರೆ ಸಾರ್.’

‘ಅದಲ್ಲ. ತಾವು ಯಾವ ಪೈಕಿ?’

ಗೆಳೆಯ ಹೆಸರು ಹೇಳಿದ. ಓನರಿಗೆ ಆಗಲೇ ನೆನಪಾಗಿದ್ದು, ಬೆಳಿಗ್ಗೆ ಯಾರೋ ಬಂದು ಅಡ್ವಾನ್ಸ್ ಕೊಟ್ಟು ಹೋಗಿದ್ದಾರೆ ಅಂತ. ಮುಂದಿನ ಭಾನುವಾರವೂ ಬೋರ್ಡು ಅಲ್ಲೇ ನೇತಾಡುತ್ತಿತ್ತು.

ಅವರನ್ನು ಬೈಯಲು ನನಗೆ ಮನಸ್ಸಿಲ್ಲ. ಅವರು ಬಳಸಿದ ಪದ ಸರಿಯಾಗೇ ಇತ್ತು. ನಾವು ಯಾವುದನ್ನೆಲ್ಲ ಸಹಿಸಿಕೊಳ್ಳುತ್ತೇವೆ ಹೇಳಿ? ಹಲ್ಲುನೋವು, ಸಿಲ್ಕ್ ಬೋರ್ಡ್ ಜಂಕ್ಷನ್ನು, ಬೆಳಿಗ್ಗೆ ಐದಕ್ಕೇ ಶುರುವಾಗುವ ಪಕ್ಕದ ಮನೆಯ ಮಿಕ್ಸಿ. ಬಿಸಿಬೇಳೆಬಾತನ್ನು ಯಾರೂ ಸಹಿಸಿಕೊಳ್ಳುವುದಿಲ್ಲ. ಇಂಗ್ಲಿಷಿನ ಟಾಲರೇಷನ್ನೂ ಇದೇ ಜಾತಿಯದು. ತಾಳಿಕೊಳ್ಳು, ಹೊರೆ ಹೊರು ಎಂಬ ಅರ್ಥದ ಲ್ಯಾಟಿನ್ ಪದದಿಂದ ಬಂದದ್ದು.

ಈ ಪದದ ಚರಿತ್ರೆ ತೆಗೆದರೆ ಉದ್ದಕ್ಕೂ ಓನರುಗಳೇ ಸಿಗುತ್ತಾರೆ. ರೋಮಿನ ಚಕ್ರವರ್ತಿಗಳಲ್ಲಿ ಗಲೇರಿಯಸ್ ಎಂಬುವನಿದ್ದ. 303ರಿಂದ ಕ್ರೈಸ್ತರನ್ನು ಹುಡುಕಿ ಹುಡುಕಿ ಹಿಂಸಿಸಿದವರಲ್ಲಿ ಒಬ್ಬ. 311ರಲ್ಲಿ ಕೆಟ್ಟ ಕಾಯಿಲೆ ಬಂದು ಹಾಸಿಗೆ ಹಿಡಿದ. ಆಗ ಆಜ್ಞೆ ಹೊರಡಿಸಿದ: ಆಯ್ತು, ನೀವೂ ಇರಬಹುದು. ಹಾಗೇ ನನ್ನ ಕ್ಷೇಮಕ್ಕಾಗಿ ನಿಮ್ಮ ದೇವರನ್ನು ಬೇಡಿಕೊಳ್ಳಿ. ಕೆಲವೇ ದಿನಗಳಲ್ಲಿ ತೀರಿಕೊಂಡ. ಪ್ರಾರ್ಥನೆ ಎಷ್ಟು ಮನಸಾರೆ ನಡೆಯಿತೋ ಏನೋ.

ಇಂಗ್ಲೆಂಡಿನದು ಇನ್ನೂ ಪಕ್ಕಾ ಲೆಕ್ಕಾಚಾರ. 1689ರ ಅವರ ಕಾಯ್ದೆಗೆ ಟಾಲರೇಷನ್ ಆಕ್ಟ್ ಎಂದು ಹೆಸರು ಬಿತ್ತು. ಆ ಪದ ಕಾಯ್ದೆಯೊಳಗೆ ಎಲ್ಲೂ ಇಲ್ಲ. ಇಂಗ್ಲೆಂಡ್ ಚರ್ಚಿಗೆ ಒಗ್ಗದ ಪ್ರಾಟೆಸ್ಟೆಂಟರು ತಮ್ಮಷ್ಟಕ್ಕೆ ಪ್ರಾರ್ಥನೆ ಮಾಡಬಹುದು. ಆದರೆ ಜಾಗ ರಿಜಿಸ್ಟರ್ ಆಗಿರಬೇಕು. ಪ್ರಾರ್ಥನೆ ನಡೆಯುವಾಗ ಬಾಗಿಲಿಗೆ ಚಿಲಕ ಹಾಕುವಂತಿಲ್ಲ. ತಾವು ಕಾಲಿಡದ ಚರ್ಚಿಗೆ ದಶಾಂಶ ತೆರಿಗೆ ಮಾತ್ರ ಕಟ್ಟುತ್ತಿರಬೇಕು, ಥೇಟ್ ಮೇಂಟೆನೆನ್ಸ್ ಚಾರ್ಜಿನ ಹಾಗೆ. ಕ್ಯಾಥೊಲಿಕರಿಗೆ ಅಷ್ಟೂ ಇಲ್ಲ, ಅವರು ಯಾವ ಪೈಕಿ ಅಂತ ಮೊದಲೇ ಗೊತ್ತಿತ್ತಲ್ಲ.

ನನಗೆ ತುಂಬಾ ಹಿಡಿಸಿದ್ದು ವಿಯೆನ್ನಾದ ಓನರು, ಚಕ್ರವರ್ತಿ ಎರಡನೇ ಜೋಸೆಫ್. 1781ರಲ್ಲಿ ಕ್ಯಾಥೊಲಿಕರಲ್ಲದ ಕ್ರೈಸ್ತರಿಗೂ ಪ್ರಾರ್ಥನಾ ಮನೆ ಕಟ್ಟಿಕೊಳ್ಳಲು ಬಿಟ್ಟ. ಗೋಪುರ ಇರಬಾರದು. ಗಂಟೆ ಇರಬಾರದು. ರಸ್ತೆ ಕಡೆಗೆ ಬಾಗಿಲು ಇರಬಾರದು. ಇರಿ ಸ್ವಾಮಿ, ಇರುವುದು ಗೊತ್ತಾಗಬಾರದು ಅಷ್ಟೆ!

ನಮ್ಮದೇನು ಕಮ್ಮಿಯಾ? ಬೇರೆಯವರ ವಿಚಾರ, ಬೇರೆಯವರ ಧರ್ಮ ಸೈರಿಸುವುದೇ ನಿಜವಾದ ಚಿನ್ನ ಎಂದು ಕವಿರಾಜಮಾರ್ಗ 9ನೇ ಶತಮಾನದಲ್ಲೇ ಹೇಳಿಬಿಟ್ಟಿದೆ. ಪ್ರತಿ ನವೆಂಬರಿನಲ್ಲಿ ಮೈಕಿನ ಮುಂದೆ ಅದನ್ನು ತಪ್ಪದೆ ಹೇಳುತ್ತೇವೆ. ಚಿನ್ನ ಅಲ್ವಾ, ಮಿಕ್ಕ ದಿನ ಲಾಕರಿನಲ್ಲಿ ಇಡುತ್ತೇವೆ. ದಿನಾ ಹಾಕ್ಕೊಂಡು ತಿರುಗೋಕಾಗುತ್ತಾ?

ಶ್ರವಣಬೆಳಗೊಳದ 1368ರ ಶಾಸನವೂ ಹೀಗೇ ಭಾಷಣಕ್ಕೆ ಬರುತ್ತದೆ. ಶ್ರೀವೈಷ್ಣವರ ಕಾಟ ತಡೆಯಲಾರದೆ ಜೈನರು ಬುಕ್ಕರಾಯನ ಬಳಿ ಹೋದರು. ಬುಕ್ಕ ಜೈನರ ಕೈ ಹಿಡಿದು ವೈಷ್ಣವರ ಕೈಗೆ ಕೊಟ್ಟ. ಎರಡು ದರ್ಶನಕ್ಕೂ ಭೇದವಿಲ್ಲ, ಜೈನರಿಗಾದ ಹಾನಿ ನಿಮಗಾದ ಹಾನಿ ಎಂದುಕೊಳ್ಳಿ ಎಂದ. ‘ಸಹಿಸ್ಕೊಳ್ಳಿ’ ಅನ್ನಲಿಲ್ಲ, ಅದಕ್ಕೇ ಅವನ ಮೇಲೆ ನನಗೆ ಗೌರವ. ಬರೀ ಬಾಯಿಮಾತನ್ನು ನಂಬದೆ ಕಲ್ಲಿನಲ್ಲೂ ಕೆತ್ತಿಸಿದರು. ಭಾಷಣಕಾರರು ಇಲ್ಲಿಗೆ ನಿಲ್ಲಿಸಿ ನೀರು ಕುಡಿಯುತ್ತಾರೆ. ಶಾಸನ ಮುಂದೆಯೂ ಇದೆ. ಬೆಳಗೊಳದ ದೇವರಿಗೆ 20 ಮಂದಿ ಕಾವಲಿಡಬೇಕು, ಉಳಿದ ದುಡ್ಡಿನಲ್ಲಿ ಹಾಳಾದ ಬಸದಿಗಳಿಗೆ ಸುಣ್ಣ ಬಳಿಸಬೇಕು. ದುಡ್ಡು ಎಲ್ಲಿಂದ? ವರ್ಷಕ್ಕೆ ಮನೆಗೊಂದು ಹಣದಂತೆ (ಹಣ ಎಂದರೆ ಆಗಿನ ಒಂದು ನಾಣ್ಯ) ಜೈನರಿಂದಲೇ. ಪೆಟ್ಟು ತಿಂದವನೇ ವಾಚ್‌ಮನ್ ಸಂಬಳ ಕೊಡುವ ಪದ್ಧತಿ ಅಪಾರ್ಟ್‌ಮೆಂಟಿನವರು ಕಂಡುಹಿಡಿದದ್ದಲ್ಲ.

ಅಂದಹಾಗೆ ಅಮೆರಿಕದ ಮೇರಿಲ್ಯಾಂಡಿನಲ್ಲಿ 1649ರಲ್ಲಿ ಒಂದು ಕಾಯ್ದೆ ಇತ್ತು. ಯಾರನ್ನಾದರೂ ಅವರ ಪಂಥದ ಹೆಸರು ಹಿಡಿದು ಹೀಯಾಳಿಸಿದರೆ 10 ಶಿಲಿಂಗ್ ದಂಡ. ನಮ್ಮ ಫ್ಯಾಮಿಲಿ ವಾಟ್ಸ್‌ಆ್ಯಪ್ ಗ್ರೂಪಿಗೆ ಅದನ್ನು ತಂದರೆ ಒಂದೇ ವಾರದಲ್ಲಿ ಮೆಟ್ರೋದ ಹೊಸ ಲೈನು ಹಾಕಬಹುದು. ಅದೇ ಕಾಯ್ದೆಯಲ್ಲಿ ತಂದೆ, ಮಗ, ಪವಿತ್ರಾತ್ಮ ಮೂರೂ ಒಂದೇ ಎಂಬ ಕ್ರೈಸ್ತರ ತ್ರಿಯೇಕ ದೇವರನ್ನು ನಿರಾಕರಿಸಿದವನಿಗೆ ಮರಣದಂಡನೆಯೂ ಇತ್ತು. ಸಹಿಷ್ಣುತೆಯ ಕಾಯ್ದೆ ಕಣ್ರೀ ಅದು.

ತಮಾಷೆ ಸಾಕು. ಎಂಟನೇ ಮನೆಯ ಬಾಗಿಲಲ್ಲಿ ಒಂದು ಗಮನಿಸಿದೆ. ಗೆಳೆಯ ಎರಡೂ ಚಪ್ಪಲಿ ಬಿಡಲಿಲ್ಲ. ಒಂದು ಕಾಲು ಹೊಸ್ತಿಲ ಮೇಲೆ, ಇನ್ನೊಂದು ಚಪ್ಪಲಿಯೊಳಗೇ. ಹೆಸರು ಹೇಳಿದ ಮೇಲೆ ವಾಪಸ್ ಹೋಗೋಕೆ ಸುಲಭ ಅಂತ. ಹದಿನಾಲ್ಕು ವರ್ಷದಿಂದ ಇದೇ ಊರಿನಲ್ಲಿ ಟ್ಯಾಕ್ಸ್ ಕಟ್ಟುತ್ತಿದ್ದಾನೆ. ನನಗಿಂತ ಒಳ್ಳೆಯ ಕನ್ನಡ ಮಾತಾಡುತ್ತಾನೆ. ಅವನನ್ನು ಸಹಿಸಿಕೊಳ್ಳಲು ಇವರು ಯಾರು? ಅವನೇನು ಹಲ್ಲುನೋವಾ? ನಾನು ಪಕ್ಕದಲ್ಲೇ ನಿಂತಿದ್ದೆ. ‘ಪರವಾಗಿಲ್ಲ ಸಾರ್, ಬರ್ತೀವಿ’ ಅಂತ ನಗುತ್ತಾ ಕೈಮುಗಿದು ಬಂದೆ. ಇದನ್ನು ಬರೆಯುವಾಗ ಅದೇ ಜಾಸ್ತಿ ಚುಚ್ಚುತ್ತಿದೆ.

ಹೋದ ವಾರ ಮನೆ ಸಿಕ್ಕಿತು. ಬಾಡಿಗೆ ಎರಡು ಸಾವಿರ ಜಾಸ್ತಿ. ಮೇನ್ ಗೇಟು ಓನರಿಗೆ, ಇವನಿಗೆ ಪಕ್ಕದ ಸಂದಿಯಲ್ಲಿ ಕಬ್ಬಿಣದ ಮೆಟ್ಟಿಲು. ಹಬ್ಬಕ್ಕೆ ಜಾಸ್ತಿ ಜನ ಸೇರಬಾರದಂತೆ. ಕಾಲಿಂಗ್ ಬೆಲ್ ಹಾಕಿಸಬಹುದಾ ಅಂತ ಕೇಳಿದ್ದಕ್ಕೆ, ನೋಡೋಣ ಅಂದಿದ್ದಾರಂತೆ.