ಎಂಜಿನ್ ಗೇರ್‌ಬಾಕ್ಸಿಗೆ ಕೂರುವ ಹೊತ್ತಿಗೆ ಪಕ್ಕದಲ್ಲೇ ಇರಿ

ಲಾರಿ, ಮಿನಿ ಲಾರಿ ಇಟ್ಟುಕೊಂಡಿರೋರು ದಯವಿಟ್ಟು ಇದನ್ನ ಪೂರ್ತಿ ಓದಿ. ಹಳೆ ಗಾಡಿಗೆ ಬೇರೆ ಎಂಜಿನ್ ಹಾಕಿಸುವಾಗ ನಾವೆಲ್ಲ ಎಂಜಿನ್ ಬಗ್ಗೆಯೇ ತಲೆ ಕೆಡಿಸಿಕೊಳ್ಳುತ್ತೇವೆ. ಎಷ್ಟು ಓಡಿದೆ, ಹೊಗೆ ಬರುತ್ತಾ, ಆಯಿಲ್ ತಿನ್ನುತ್ತಾ ಅಂತ ಹತ್ತು ಸಲ ಕೇಳುತ್ತೇವೆ. ಅದು ಹಳೆ ಗೇರ್‌ಬಾಕ್ಸಿಗೆ ಹೇಗೆ ಕೂತಿತು ಅನ್ನೋದನ್ನ ಮಾತ್ರ ನೋಡೋದಿಲ್ಲ. ನಮ್ಮ ದುಡ್ಡು ಹೋಗಿದ್ದು ಅಲ್ಲೇ.

ನಮ್ಮದು ಟಾಟಾ 407. ಅಪ್ಪ 20 ವರ್ಷದಿಂದ ಅದರಲ್ಲೇ ತಿಪಟೂರು ಮಾರ್ಕೆಟ್ಟಿಗೆ ಕೊಬ್ಬರಿ ಲೋಡ್ ಹೊಡೆಯುತ್ತಿದ್ದಾರೆ. ಓಡಿ ಓಡಿ ಎಂಜಿನ್ ಸವೆದಿತ್ತು, ಕ್ರ್ಯಾಂಕ್ (ಎಂಜಿನ್ನಿನೊಳಗೆ ತಿರುಗುವ ಮುಖ್ಯ ಶಾಫ್ಟ್) ಉಜ್ಜಿಸಿ ಉಜ್ಜಿಸಿ ಕೊನೆ ಸೈಜಿಗೆ ಬಂದಿತ್ತು, ಇನ್ನು ಉಜ್ಜಿಸೋಕೆ ಏನೂ ಉಳಿದಿರಲಿಲ್ಲ. ಹೊಸ ಗಾಡಿ ತಗೊಂಡು ಕಂತು ಕಟ್ಟುವ ಬದಲು ಸೆಕೆಂಡ್ ಹ್ಯಾಂಡ್ ಎಂಜಿನ್ ಹಾಕಿಸೋಣ ಅಂದರು. ಆ ತೀರ್ಮಾನ ಸರಿಯಾಗೇ ಇತ್ತು, ಈಗಲೂ ಹಾಗೇ ಹೇಳುತ್ತೇನೆ. 407 ರಸ್ತೆಗೆ ಬಂದಿದ್ದು 1986ರಲ್ಲಿ, ಇವತ್ತಿಗೂ ಸಣ್ಣ ಊರಲ್ಲೂ ಅದರ ಸಾಮಾನು ಸಿಗುತ್ತದೆ.

ಅದರ ಎಂಜಿನ್ನಿಗೆ 497 ಅಂತಾರೆ. ನಾಲ್ಕು ಸಿಲಿಂಡರ್, 97 ಮಿಲಿಮೀಟರ್ ಬೋರ್, ಅದಕ್ಕೇ ಆ ಹೆಸರು. 2956 ಸಿಸಿ. ದೊಡ್ಡ ಲಾರಿಯ 697 ಕೂಡ ಅದೇ ಲೆಕ್ಕ, ಆರು ಸಿಲಿಂಡರ್, ಅದೇ 97 ಬೋರ್. ಆದರೆ 497 ಅಂದ ತಕ್ಷಣ ಎಲ್ಲಾ ಒಂದೇ ಅಂದುಕೊಳ್ಳಬೇಡಿ. ಟರ್ಬೋ ಇರೋದೂ ಇದೆ, ಇಲ್ಲದ್ದೂ ಇದೆ. ಗುಜರಿಯಿಂದ ಬಂದ ಎಂಜಿನ್ನಿನ ಹಿಂದೆ ಯಾವ ಗಾಡಿಯ ಫ್ಲೈವೀಲ್ (ಕ್ಲಚ್ ಕೂರುವ ಭಾರದ ಚಕ್ರ) ಕೂತಿದೆಯೋ ಯಾರಿಗೆ ಗೊತ್ತು? ಎಂಜಿನ್ ತಗೊಳ್ಳೋಕೆ ಹೋಗುವಾಗ ನಿಮ್ಮ ಹಳೆ ಕ್ಲಚ್ ಪ್ಲೇಟ್ ಕೈಯಲ್ಲಿ ಹಿಡಿದುಕೊಂಡು ಹೋಗಿ. ಆ ಫ್ಲೈವೀಲ್ ಮೇಲೆ ಇಟ್ಟು ಅಳತೆ ನೋಡಿ. ಅದರ ಸುತ್ತ ಇರುವ ರಿಂಗ್ ಗೇರಿನ ಹಲ್ಲು ಎಣಿಸಿ, ನಿಮ್ಮ ಹಳೆಯದಕ್ಕೆ ಹೊಂದದಿದ್ದರೆ ಸ್ಟಾರ್ಟರ್ ಸರಿಯಾಗಿ ಕಚ್ಚೋದಿಲ್ಲ.

ನಮ್ಮ ಅಳತೆ ಎಲ್ಲಾ ಸರಿಯಿತ್ತು. ಕೆಟ್ಟಿದ್ದು ಕೂರಿಸುವಾಗ. ಚೈನ್ ಬ್ಲಾಕಿನಲ್ಲಿ ಎಂಜಿನ್ ನೇತಾಡುತ್ತಿತ್ತು, ಸಂಜೆಯಾಗಿತ್ತು, ಗ್ಯಾರೇಜಿನವರಿಗೆ ಅವಸರ. ಎಂಜಿನ್ನಿಗೂ ಬೆಲ್ ಹೌಸಿಂಗಿಗೂ (ಗೇರ್‌ಬಾಕ್ಸಿನ ಮುಂಭಾಗದ ಕವಚ) ನಡುವೆ ಎರಡು ಬೆರಳಷ್ಟು ಸಂದು ಉಳಿಯಿತು, ಎಷ್ಟು ತಳ್ಳಿದರೂ ಹೋಗಲಿಲ್ಲ. ಉದ್ದನೆ ಬೋಲ್ಟ್ ಹಾಕಿದರು, ಸ್ಪ್ಯಾನರಿಗೆ ಪೈಪ್ ತೂರಿಸಿ ಬಿಗಿದರು, ಸಂದು ಮುಚ್ಚಿತು. ನಾನು ಅಲ್ಲೇ ನಿಂತಿದ್ದೆ, ಸರಿ ಇರಬಹುದು ಅಂದುಕೊಂಡೆ.

ಮೂರೇ ವಾರ. ಕ್ಲಚ್ ಪೂರ್ತಿ ಒತ್ತಿದರೂ ರಿವರ್ಸ್ ಹಾಕುವಾಗ ಗರಗರ ಅಂತ ಹಲ್ಲು ಉಜ್ಜುವ ಶಬ್ದ. ಆಮೇಲೆ ಫಸ್ಟ್ ಗೇರಿಗೂ ಅದೇ ಕಥೆ. ಗೇರ್‌ಬಾಕ್ಸ್ ಹೋಗಿದೆ, ಬಿಚ್ಚಿಸಿ ಅಂದರು ಕೆಲವರು.

ಇನ್ನೊಬ್ಬ ಹಿರಿಯ ಮೇಸ್ತ್ರಿ ಎಂಜಿನ್ ಮುಟ್ಟಲಿಲ್ಲ, ಗೇರ್‌ಬಾಕ್ಸ್ ಮಾತ್ರ ಹಿಂದಕ್ಕೆ ಇಳಿಸಿದರು. ಕ್ಲಚ್ ಪ್ಲೇಟ್ ತೆಗೆದು ಗೇರ್‌ಬಾಕ್ಸಿನ ಶಾಫ್ಟಿಗೆ ತೂರಿಸಿ ನಿಧಾನ ತಿರುಗಿಸಿದರು. ಪ್ಲೇಟ್ ಸೈಕಲ್ ಚಕ್ರ ಬೆಂಡ್ ಆದಂಗೆ ಓಲಾಡಿತು. "ನೋಡಪ್ಪಾ, ಶಾಫ್ಟಿನ ಗೀರು ಪ್ಲೇಟಿನ ಗೀರಿಗೆ ಕೂತೇ ಇರಲಿಲ್ಲ. ಬೋಲ್ಟ್ ಇರೋದು ಹಿಡಿದುಕೊಳ್ಳೋಕೆ, ಎಳೆಯೋಕಲ್ಲ" ಅಂದರು. ಗೀರು ಅಂದರೆ ಶಾಫ್ಟಿನ ಮೇಲೂ ಪ್ಲೇಟಿನ ತೂತಿನೊಳಗೂ ಇರುವ ಉದ್ದುದ್ದ ಹಲ್ಲು, ಒಂದಕ್ಕೊಂದು ಕೂರಬೇಕು. ಫ್ಲೈವೀಲ್ ಮಧ್ಯದಲ್ಲಿ ಶಾಫ್ಟಿನ ತುದಿ ಹಿಡಿಯುವ ಪೈಲಟ್ ಬೇರಿಂಗೂ ಪುಡಿಯಾಗಿತ್ತು.

ಅವರು ಕೂರಿಸಿದ ರೀತಿ ನನ್ನ ಕಣ್ಣಲ್ಲೇ ಇದೆ. ಮೊದಲು ಒಂದು ಹಳೆ ಶಾಫ್ಟ್ ತೂರಿಸಿ ಕ್ಲಚ್ ಪ್ಲೇಟನ್ನ ಸರಿಯಾಗಿ ನಡುವೆ ನಿಲ್ಲಿಸಿ, ಆಮೇಲೆ ಅದನ್ನ ಒತ್ತಿ ಹಿಡಿಯುವ ಪ್ರೆಶರ್ ಪ್ಲೇಟ್ ಬೋಲ್ಟುಗಳನ್ನ ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿದರು. ಶಾಫ್ಟಿನ ಗೀರಿಗೆ ಬೆರಳ ತುದಿಯಲ್ಲಿ ಸವರಿದಷ್ಟೇ ಗ್ರೀಸ್, ಜಾಸ್ತಿ ಹಾಕಿದರೆ ಸಿಡಿದು ಪ್ಲೇಟಿನ ಲೈನಿಂಗಿಗೆ ಹತ್ತಿ ಕ್ಲಚ್ ಜಾರುತ್ತದಂತೆ. ಗೇರ್‌ಬಾಕ್ಸನ್ನ ಜಾಕ್ ಮೇಲೆ ಎತ್ತಿ ತಂದರು. ಕೊನೆಗೆ ಅದೇ ಎರಡು ಬೆರಳು ಸಂದು ಉಳಿಯಿತು! ಇವರು ಬೋಲ್ಟ್ ಮುಟ್ಟಲಿಲ್ಲ. ಟಾಪ್ ಗೇರಿಗೆ ಹಾಕಿ, ಹಿಂದೆ ಜಾಯಿಂಟ್ ಕೂರುವ ಫ್ಲ್ಯಾಂಜನ್ನ ಹುಡುಗನ ಕೈಲಿ ಕೂದಲೆಳೆಯಷ್ಟು ತಿರುಗಿಸಿದರು, ಆಗ ಮುಂದಿನ ಶಾಫ್ಟೂ ಜೊತೆಗೆ ತಿರುಗುತ್ತದೆ. ಜಾಕನ್ನ ಒಂಚೂರು ಇಳಿಸಿದರು, ಮತ್ತೆ ತಿರುಗಿಸಿ ಅಂದರು. ಟಕ್ ಅಂತ ಒಂದು ಸದ್ದು, ಗೇರ್‌ಬಾಕ್ಸ್ ಕೈಯಲ್ಲೇ ಜಾರಿ ಹೋಗಿ ಎಂಜಿನ್ನಿಗೆ ಅಂಟಿಕೊಂಡಿತು. ಬೋಲ್ಟುಗಳನ್ನ ಬೆರಳಲ್ಲೇ ತಿರುಗಿಸಿ ಕೂರಿಸಿದರು, ಸ್ಪ್ಯಾನರ್ ಬಂದಿದ್ದು ಆಮೇಲೆ.

ಇದಕ್ಕೆ ಅರ್ಧ ಗಂಟೆ ಸಾಕಾಯಿತು. ಮೊದಲ ಸಲದ ಅವಸರಕ್ಕೆ ನಮಗೆ ಎರಡನೇ ಕೂಲಿ, ಇನ್ನೊಂದು ಕ್ಲಚ್ ಸೆಟ್, ಎಂಟು ದಿನದ ಬಾಡಿಗೆ ಹೋಯಿತು. ಗಾಡಿ ನಿಂತರೆ ಮನೆ ನಿಲ್ಲುತ್ತೆ, ಲಾರಿ ನಂಬಿ ಬದುಕೋರಿಗೆ ಇದನ್ನ ಹೇಳಬೇಕಾಗಿಲ್ಲ ಅಲ್ವಾ?

ಎಂಜಿನ್ ಹೇಗೂ ಕೆಳಗೆ ಇರುವಾಗಲೇ ಕ್ರ್ಯಾಂಕ್ ಹಿಂದಿನ ಆಯಿಲ್ ಸೀಲ್, ಪೈಲಟ್ ಬೇರಿಂಗ್, ಕ್ಲಚ್ ಬಿಡಿಸುವ ರಿಲೀಸ್ ಬೇರಿಂಗ್ ಮೂರೂ ಹೊಸದು ಹಾಕಿಸಿಬಿಡಿ. ಹಳೆಯದೇ ಚೆನ್ನಾಗಿದೆ ಅಂತ ಉಳಿಸಬೇಡಿ, ನಾಳೆ ಅದೊಂದಕ್ಕೇ ಎಲ್ಲಾ ಬಿಚ್ಚಬೇಕು. ಫ್ಲೈವೀಲಿನಲ್ಲಿ ನೀಲಿ ಕಲೆ, ಸಣ್ಣ ಬಿರುಕು ಕಂಡರೆ ಲೇತಿನವರಿಗೆ ತೋರಿಸಿ.

ಇನ್ನೊಂದು ವಿಷಯ. ಎಂಜಿನ್ ಕೊಟ್ಟವರಿಂದ ಬಿಲ್ ಕೇಳಿ ತಗೊಳ್ಳಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಎಂಜಿನ್ ಬದಲಾಯಿಸಿದ 14 ದಿನದೊಳಗೆ ಆರ್‌ಟಿಓಗೆ ತಿಳಿಸಿ ಆರ್‌ಸಿಯಲ್ಲಿ ಎಂಜಿನ್ ನಂಬರ್ ಬದಲಾಯಿಸಿಕೊಳ್ಳಬೇಕು. ಎಷ್ಟೋ ಜನ ಇದನ್ನ ಸುಮ್ನೆ ಬಿಟ್ಟುಬಿಡ್ತಾರೆ, ಎಫ್‌ಸಿಗೆ (ಫಿಟ್‌ನೆಸ್ ತಪಾಸಣೆಗೆ) ಹೋದಾಗ ಸಿಕ್ಕಿಹಾಕಿಕೊಳ್ತಾರೆ.

ಆ ಬೆಂಡಾದ ಕ್ಲಚ್ ಪ್ಲೇಟ್ ನಮ್ಮ ಮನೆ ಜಗಲಿ ಮೇಲೆ ಇದೆ. ತಿಪಟೂರು ಕಡೆಯೋರು ಯಾರಾದರೂ ಎಂಜಿನ್ ಇಳಿಸೋಕೆ ಹೊರಟಿದ್ದರೆ ಒಂದು ಮೆಸೇಜ್ ಹಾಕಿ, ಬಂದು ನೋಡಿಕೊಂಡು ಹೋಗಿ.