ಜಾಂಬವಂತನ ತಲೆಗೆ ನೀರಿನ ಕ್ಯಾನು

ನಮ್ಮ ಮಾವನವರು ಪುತ್ತೂರಿನ ಕಡೆಯವರು. ರಾತ್ರಿಯಿಡೀ ಗದ್ದೆಯಲ್ಲಿ ಕೂತು ಯಕ್ಷಗಾನ ಬಯಲಾಟ ನೋಡಿ ಬೆಳೆದವರು. ಒಂದು ಭಾನುವಾರ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು 1954ರ ಜಪಾನಿನ 'ಗಾಡ್ಜಿಲ್ಲಾ' ಹಾಕಿದೆ. ಸಮುದ್ರದಿಂದ ಎದ್ದುಬಂದ ದೈತ್ಯ ಟೋಕಿಯೋದ ಕಟ್ಟಡಗಳನ್ನು ತುಳಿದು ಪುಡಿ ಮಾಡುತ್ತಿತ್ತು. ಮಾವ ತುಂಬಾ ಹೊತ್ತು ಮಾತಾಡಲಿಲ್ಲ. ಹೆದರಿದರೇನೋ ಅಂದುಕೊಂಡೆ. ಆಮೇಲೆ ಮೆಲ್ಲಗೆ ಕೇಳಿದರು.

"ಅಲ್ಲ, ಒಳಗಿದ್ದವನಿಗೆ ಸೆಕೆ ಆಗುದಿಲ್ವಾ?"

ಹಳೆಯ ರಾಕ್ಷಸ ಸಿನಿಮಾಗಳ ಹುಚ್ಚು ನನಗೆ ಕಾಲೇಜಿನಿಂದ ಇದೆ. ಇಷ್ಟು ಸರಿಯಾದ ಪ್ರಶ್ನೆಯನ್ನು ಇದುವರೆಗೆ ಯಾರೂ ಕೇಳಿರಲಿಲ್ಲ.

ಸೆಕೆ ಆಗುತ್ತಿತ್ತು. ಒಳಗಿದ್ದವರು ಹರುವೊ ನಕಾಜಿಮಾ. ಅವರಿಗೆ ಮಾಡಿಸಿದ ಮೊದಲ ವೇಷದ ತೂಕ ಸುಮಾರು 100 ಕಿಲೋ. ಅದರೊಳಗೆ ಹೊಕ್ಕರೆ ನಾಲ್ಕು ಹೆಜ್ಜೆ ಇಡುವುದೇ ಕಷ್ಟ, ಇನ್ನು ಟೋಕಿಯೋ ತುಳಿಯುವುದೆಲ್ಲಿ ಬಂತು! ಇನ್ನೊಂದು ಮಾಡಿಸಬೇಕಾಯಿತು. ಮೇಲೆ ಸ್ಟುಡಿಯೋ ಲೈಟಿನ ಬಿಸಿ ಬೇರೆ. ದೊಡ್ಡ ಪ್ರಾಣಿ ಹೇಗೆ ನಡೆಯುತ್ತದೆ ಅಂತ ತಿಳಿಯಲು ನಕಾಜಿಮಾ ಮೃಗಾಲಯಕ್ಕೆ ಹೋಗಿ ಕರಡಿ, ಆನೆಗಳನ್ನು ನೋಡಿಕೊಂಡು ಬಂದರಂತೆ. 1972ರ ತನಕ ಅದೇ ವೇಷ ಕಟ್ಟಿದರು. ಆ ಭಯಂಕರ ಕೂಗೂ ಯಾವ ಪ್ರಾಣಿಯದ್ದೂ ಅಲ್ಲ. ದೊಡ್ಡ ಪಿಟೀಲಿನಂಥ ಕಾಂಟ್ರಾಬಾಸ್ ವಾದ್ಯದ ತಂತಿ ಸಡಿಲ ಮಾಡಿ, ರಾಳ ಹಚ್ಚಿದ ಚರ್ಮದ ಕೈಗವಸಿನಿಂದ ಉಜ್ಜಿದ್ದು.

ಮಾವನಿಗೆ ಇದನ್ನೆಲ್ಲ ಬಿಡಿಸಿ ಹೇಳಬೇಕಾಗಲಿಲ್ಲ. ಯಕ್ಷಗಾನದಲ್ಲಿ ರಾಕ್ಷಸರಾಗುವ ಬಣ್ಣದ ವೇಷದವರು ಚೌಕಿಯಲ್ಲಿ, ಅಂದರೆ ಬಣ್ಣ ಹಚ್ಚುವ ಕೋಣೆಯಲ್ಲಿ, ಗಂಟೆಗಟ್ಟಲೆ ಕೂತು ಮುಖದ ತುಂಬ ಅಕ್ಕಿಹಿಟ್ಟಿನ ಬಿಳಿ ಚುಕ್ಕೆಗಳ ಚಿಟ್ಟಿ ಇಟ್ಟುಕೊಳ್ಳುವುದನ್ನು ಇಣುಕಿ ನೋಡಿದವರು ಅವರು. ಮಹಿಷಾಸುರ ಯಾರ ಮಗ ಅಂತ ಗೊತ್ತು. ಮಧ್ಯಾಹ್ನ ಗೂಡಂಗಡಿಯಲ್ಲಿ ಚಾ ಕುಡಿದು ಸಾಲ ಬರೆಸಿದ್ದೂ ಗೊತ್ತು. ಆದರೂ ನಡುರಾತ್ರಿ ಅವನು ದೊಂದಿ ಹಿಡಿಸಿಕೊಂಡು ಜನರ ನಡುವಿನಿಂದ ಅಬ್ಬರಿಸುತ್ತಾ ಬಂದರೆ, ಇವರು ಅಜ್ಜಿಯ ಸೆರಗಿನೊಳಗೆ!

ಅಲ್ಲಿಂದ ಶುರುವಾಯಿತು ನಮ್ಮಿಬ್ಬರ ಜೊತೆ. ನನ್ನ ಹೆಂಡತಿ ಮಾತ್ರ ಒಂದೇ ಸಲ ಬಂದು ಕೂತಳು, ಅದೂ 1957ರ 'ದಿ ಜಯಂಟ್ ಕ್ಲಾ' ಹಾಕಿದ ದಿನ. ಬೇರೆ ಲೋಕದಿಂದ ಬಂದ ದೈತ್ಯ ಹಕ್ಕಿಯ ಕಥೆ. ಯುದ್ಧನೌಕೆಯಷ್ಟು ದೊಡ್ಡದು, ಯುದ್ಧನೌಕೆಯಷ್ಟು ದೊಡ್ಡದು ಅಂತ ಎಲ್ಲರೂ ಹೇಳಿದ್ದೇ ಹೇಳಿದ್ದು. ಕೊನೆಗೆ ಬಂತು ನೋಡಿ ಹಕ್ಕಿ. ಉದ್ದ ಬೋಳು ಕತ್ತು, ಹೊರಗೆ ಬಿದ್ದ ಗುಡ್ಡೆಕಣ್ಣು, ನೆತ್ತಿಯ ಮೇಲೆ ಎಣ್ಣೆ ಕಾಣದ ನಾಲ್ಕು ಕೂದಲು. "ಬೆಳಿಗ್ಗೆ ಎದ್ದಾಗ ನೀವೂ ಹೀಗೇ ಇರ್ತೀರಿ" ಅಂತ ಹೇಳಿ ಅವಳು ಎದ್ದು ಹೋದಳು.

ಪಾಪ, ನಾಯಕ ಜೆಫ್ ಮಾರೋಗೆ ಆದದ್ದು ಇನ್ನೂ ಕೆಟ್ಟದ್ದು. ಶೂಟಿಂಗ್ ಮುಗಿಯುವ ತನಕ ನಟರು ಯಾರೂ ಆ ಹಕ್ಕಿಯನ್ನು ನೋಡಿಯೇ ಇರಲಿಲ್ಲ. ಖಾಲಿ ಆಕಾಶ ನೋಡಿ ಗಂಭೀರವಾಗಿ ಹೆದರಿದ್ದರು. ಗೊಂಬೆ ಮಾಡಿದ್ದು ಆಮೇಲೆ, ಮೆಕ್ಸಿಕೋದಲ್ಲಿ, ಅಗ್ಗದ ದರಕ್ಕೆ. ಮಾರೋ ತಮ್ಮ ಊರಿನ ಥಿಯೇಟರಿನಲ್ಲಿ, ಗುರುತಿನವರ ನಡುವೆ ಕೂತು ಅದನ್ನು ಮೊದಲ ಸಲ ಕಂಡರು. ಹಕ್ಕಿ ಬಂದಾಗಲೆಲ್ಲ ಜನ ಬಿದ್ದು ಬಿದ್ದು ನಕ್ಕರು. ಸಿನಿಮಾ ಮುಗಿಯುವ ಮೊದಲೇ ಅವರು ಯಾರಿಗೂ ಮುಖ ತೋರಿಸದೆ ಮನೆಗೆ ಜಾರಿಕೊಂಡರಂತೆ. ಈ ಅವಮಾನ ನನಗೆ ಈಗ ಚೆನ್ನಾಗಿ ಅರ್ಥವಾಗುತ್ತದೆ. ಯಾಕೆ ಅಂತ ಹೇಳುತ್ತೇನೆ.

ನಮ್ಮ ಅಪಾರ್ಟ್‌ಮೆಂಟಿನಲ್ಲಿ ರಾಜ್ಯೋತ್ಸವಕ್ಕೆ ವೇಷದ ಸ್ಪರ್ಧೆ ಇಟ್ಟರು. ದೊಡ್ಡವರೂ ಭಾಗವಹಿಸಬಹುದು ಅಂತ ನೋಟಿಸಿನಲ್ಲಿತ್ತು. ಅದನ್ನು ನಂಬಿದ್ದು ನಾನೊಬ್ಬನೇ. 1953ರ 'ರೋಬೋಟ್ ಮಾನ್‌ಸ್ಟರ್' ಮಾಡುವುದು ಅಂತ ತೀರ್ಮಾನಿಸಿದೆ. ಆ ಸಿನಿಮಾದ ನಿರ್ದೇಶಕ ಫಿಲ್ ಟಕ್ಕರ್ ಹತ್ತಿರ ರೋಬೋಟ್ ಮಾಡಿಸುವಷ್ಟು ದುಡ್ಡಿರಲಿಲ್ಲ. ಜಾರ್ಜ್ ಬ್ಯಾರೋಸ್ ಅನ್ನುವ ನಟನ ಹತ್ತಿರ ಸ್ವಂತ ಗೊರಿಲ್ಲಾ ವೇಷ ಇತ್ತು. ಅವರನ್ನೇ ಕರೆಸಿ, ತಲೆಗೊಂದು ಮುಳುಗುಗಾರರ ಹೆಲ್ಮೆಟ್ ಹಾಕಿಸಿ, "ಇದೇ ರೋಬೋಟ್" ಅಂದರು. ನಾಲ್ಕೇ ದಿನದಲ್ಲಿ ಶೂಟಿಂಗ್ ಮುಗಿಯಿತಂತೆ. ಭೂಮಿಯಲ್ಲಿ ಎಂಟೇ ಜನ ಉಳಿದಿರುತ್ತಾರೆ. ಆ ಎಂಟು ಜನರನ್ನು ಮುಗಿಸಲಾಗದೆ ಪುಣ್ಯಾತ್ಮ ಗುಡ್ಡ ಹತ್ತುತ್ತಾನೆ, ಇಳಿಯುತ್ತಾನೆ. ಅವನ ಗುಹೆಯಲ್ಲಿ ಸೋಪಿನ ಗುಳ್ಳೆ ಬಿಡುವ ಯಂತ್ರ ಬೇರೆ. ಅದಕ್ಕೆ ಟೈಟಲ್ ಕಾರ್ಡಿನಲ್ಲಿ ಹೆಸರೂ ಹಾಕಿದ್ದಾರೆ!

ವೇಷ ಬಾಡಿಗೆಗೆ ಕೊಡುವ ಅಂಗಡಿಗೆ ಹೋದೆ.

"ಗೊರಿಲ್ಲಾ ಇಲ್ಲ ಸಾರ್. ಜಾಂಬವಂತ ಇದ್ದಾನೆ. ಕೊಡ್ಲಾ?"

ಕೂದಲು ಕಪ್ಪಗಿತ್ತು, ಸಾಕು. ಬಾಡಿಗೆ 500, ಅಡ್ವಾನ್ಸ್ 1000. ಹೆಲ್ಮೆಟ್ಟಿಗೆ ಮನೆಯಲ್ಲಿದ್ದ 20 ಲೀಟರಿನ ನೀರಿನ ಕ್ಯಾನಿನ ತಳ ಕತ್ತರಿಸಿ, ಮೇಲೆ ಚಪಾತಿ ಸುತ್ತುವ ಫಾಯಿಲ್ ಅಂಟಿಸಿ, ಆಚೆ ಈಚೆ ಎರಡು ಕಡ್ಡಿ ಸಿಕ್ಕಿಸಿದೆ. ಗುಳ್ಳೆ ಬಿಡುವುದಕ್ಕೆ ಪಕ್ಕದ ಮನೆ ಹುಡುಗನ ಬಬಲ್ ಗನ್. ಕನ್ನಡಿಯಲ್ಲಿ ನೋಡಿಕೊಂಡಾಗ ನಿಜಕ್ಕೂ ಹೆಮ್ಮೆಯಾಯಿತು.

ಐದು ಜನ ಒನಕೆ ಓಬವ್ವ, ಮೂರು ಜನ ಕಿತ್ತೂರು ಚೆನ್ನಮ್ಮ ಆದಮೇಲೆ ನನ್ನ ಸರದಿ. ಅಷ್ಟರಲ್ಲಿ ನನ್ನ ಉಸಿರಿಗೇ ಕ್ಯಾನಿನ ಒಳಗೆಲ್ಲ ಮಂಜು ಕಟ್ಟಿತ್ತು. ಏನೂ ಕಾಣುತ್ತಿರಲಿಲ್ಲ. "ಎಲೈ ಮನುಷ್ಯರೇ, ನಿಮ್ಮ ಕಾಲ ಮುಗಿಯಿತು!" ಅಂತ ಗರ್ಜಿಸಿದೆ. ನನ್ನ ಕಿವಿಯೇ ಕಿತ್ತುಹೋಯಿತು. ಹೊರಗೆ ಕೇಳಿದ್ದು ಬರೀ ಬುಡುಬುಡು ಅಂತೆ. ಮುಂದಿನ ಸಾಲಿನಿಂದ ಒಂದು ಪುಟ್ಟ ಮಗು ಗಟ್ಟಿಯಾಗಿ ಕೂಗಿತು.

"ಅಮ್ಮಾ, ನೀರಿನ ಅಂಕಲ್ ಬಂದ್ರು!"

ಜನ ನಕ್ಕರು. ಗಾಬರಿಯಲ್ಲಿ ಬಬಲ್ ಗನ್ ಒತ್ತಿದ್ದು ಜಾಸ್ತಿಯಾಯಿತು. ಸ್ಟೇಜಿನ ಮೆಟ್ಟಿಲ ಮೇಲೆಲ್ಲ ಸೋಪು. ನಾನು ಇಳಿಯಲಿಲ್ಲ, ಜಾರಿದೆ. ಎರಡು ಓಬವ್ವಂದಿರು ಒನಕೆ ಬಿಟ್ಟು ಬಂದು ನನ್ನನ್ನು ಎತ್ತಿದರು.

ಹಿಂದೆ ಹೋಗಿ ವೇಷ ಬಿಚ್ಚೋಣ ಅಂದರೆ ಬೆನ್ನಿನ ಜಿಪ್ ಕೂದಲಿಗೆ ಸಿಕ್ಕಿ ಕೂತಿದೆ. ಆಚೆಗೂ ಇಲ್ಲ, ಈಚೆಗೂ ಇಲ್ಲ. ಬೆವರು ಮಂಡಿ ದಾಟಿ ಪಾದಕ್ಕೆ ಇಳಿಯುತ್ತಿತ್ತು. ನಕಾಜಿಮಾ ನೆನಪಾದರು. ಹೆಂಡತಿ ಮೊದಲು ಫೋಟೋ ತೆಗೆದಳು, ಆಮೇಲೆ ಕತ್ತರಿ ಹುಡುಕಲು ಹೋದಳು. ಆಗ ಬಂದರು ನೋಡಿ ಮಾವ. ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ, ಕ್ಯಾನು ಎತ್ತಿ ಪಕ್ಕಕ್ಕಿಟ್ಟು, ಕಾರ್ಯಕ್ರಮದ ಆಮಂತ್ರಣ ಪತ್ರಿಕೆಯಿಂದ ಗಾಳಿ ಬೀಸಿದರು. ಎಳನೀರಿಗೆ ಸ್ಟ್ರಾ ಹಾಕಿ ಬಾಯಿಗೆ ಹಿಡಿದರು. ಜಿಪ್ಪಿಗೆ ತೆಂಗಿನೆಣ್ಣೆ ಸವರಿ ಇಷ್ಟಿಷ್ಟೇ ಇಳಿಸಿದರು. ಅರ್ಧ ಗಂಟೆ ಹಿಡಿಯಿತು. ಒಂದು ಸಲವೂ ನಗಲಿಲ್ಲ.

ಅಂಗಡಿಯವನು ಜಾಂಬವಂತನನ್ನು ಮೂಸಿ ನೋಡಿ ಅಡ್ವಾನ್ಸಿನಲ್ಲಿ 300 ಮುರಿದುಕೊಂಡ. ನೀರು ಹಾಕುವ ಹುಡುಗ ಫಾಯಿಲ್ ಅಂಟಿದ, ತಳವಿಲ್ಲದ ಕ್ಯಾನನ್ನು ತಿರುಗಿಸಿ ತಿರುಗಿಸಿ ನೋಡಿ ಅಲ್ಲೇ ಇಟ್ಟು ಹೋದ.

ಮಾವ ಮಾತ್ರ ಅವತ್ತು ರಾತ್ರಿ ಬಾಲ್ಕನಿಯಲ್ಲಿ ನಿಂತು ಊರಿನ ಗೆಳೆಯರಿಗೆ ಫೋನ್ ಮಾಡಿ ದೊಡ್ಡ ದನಿಯಲ್ಲಿ ಹೇಳುತ್ತಿದ್ದರು: "ಹೌದು ಮಾರಾಯ, ನಮ್ಮ ಅಳಿಯನದ್ದೇ. ಪ್ರವೇಶ ಲಾಯ್ಕಾಗಿತ್ತು. ಕಿರೀಟ ಒಂದು ಸ್ವಲ್ಪ ದೊಡ್ಡದಾಯ್ತು, ಅಷ್ಟೆ."