400 ಅಡಿ ಎಲ್ಲಿಂದ ಲೆಕ್ಕ?

'400 ಅಡಿ ದಾಟದಿದ್ದರೆ ಡ್ರೋನ್ ವಿಮಾನದ ದಾರಿಗೆ ಬರುವುದಿಲ್ಲ' ಎಂದು ಬರೆದಿದ್ದೀರಿ. ಮೈಸೂರಲ್ಲಿ ಮದುವೆ ವಿಡಿಯೋ ಮಾಡುವ ನಾನು ಇದನ್ನು ಒಪ್ಪುವುದಿಲ್ಲ. ನಮ್ಮಂಥವರ ಡ್ರೋನಿನ ರಿಮೋಟ್ ತೋರಿಸುವ ಎತ್ತರ ಮೇಲೆದ್ದ ಜಾಗದಿಂದ ಲೆಕ್ಕ, ಕೆಳಗಿರುವ ನೆಲದಿಂದ ಅಲ್ಲ. ಚಾಮುಂಡಿ ಬೆಟ್ಟದ ಮೇಲಿಂದ ಹಾರಿಸಿ ಊರ ಕಡೆ ಬಿಟ್ಟರೆ ಸ್ಕ್ರೀನಲ್ಲಿ 60 ಮೀಟರ್ (ಸುಮಾರು 200 ಅಡಿ) ಅಂತಲೇ ಇರುತ್ತದೆ. ಊರಿನ ನೆಲ ಮಾತ್ರ ಇನ್ನೂ 200 ಮೀಟರಿಗೂ (ಸುಮಾರು 650 ಅಡಿ) ಜಾಸ್ತಿ ಕೆಳಗೆ!

ಅದೂ ಅಲ್ಲದೆ ಮಂಡಕಳ್ಳಿ ವಿಮಾನ ನಿಲ್ದಾಣ ಇರುವುದು ಪಕ್ಕದಲ್ಲೇ ಅಲ್ವಾ. 2021ರ ಡ್ರೋನ್ ನಿಯಮದಲ್ಲಿ ವಿಮಾನ ನಿಲ್ದಾಣದ ಗಡಿಯಿಂದ 8ರಿಂದ 12 ಕಿ.ಮೀ. ನಡುವೆ ಅನುಮತಿ ಇಲ್ಲದೆ 200 ಅಡಿವರೆಗೆ ಮಾತ್ರ. 8 ಕಿ.ಮೀ. ಒಳಗೆ ಅಷ್ಟೂ ಇಲ್ಲ. ನಿಮ್ಮ 400 ಅಡಿ ಇಲ್ಲಿ ಲೆಕ್ಕಕ್ಕೇ ಬರಲ್ಲ.

ಮಂಡಕಳ್ಳಿ ಕಡೆ ಹೋಗುವ ನಂಜನಗೂಡು ರಸ್ತೆಯ ಒಂದು ಛತ್ರದಲ್ಲಿ ಹುಡುಗಿಯ ಮಾವ, "ಎರಡೇ ನಿಮಿಷ ಹಾರಿಸಿ ಸಾರ್, ಯಾರು ನೋಡ್ತಾರೆ?" ಅಂತ ಹಿಂದೆ ಬಿದ್ದಿದ್ದರು. ನಾನು ಬ್ಯಾಗಿನ ಜಿಪ್ಪೇ ತೆಗೆಯಲಿಲ್ಲ. ವಾಲಗದ ಸದ್ದಲ್ಲಿ ವಿಮಾನ ತಲೆ ಮೇಲೆ ಬರುವ ತನಕ ಕೇಳಿಸುವುದಿಲ್ಲ. ಡ್ರೋನಿನ ಕ್ಯಾಮೆರಾ ನೋಡುವುದು ಮಂಟಪವನ್ನು, ಆಕಾಶವನ್ನಲ್ಲ. ಅವರು ಆಮೇಲೆ ನನ್ನ ಬಿಲ್ಲಲ್ಲಿ 2000 ಮುರಿದುಕೊಂಡರು, ಅದು ಬೇರೆ ಕಥೆ.